ನಾಲೆಯ ನೀರೂ ಎರಡು ವಾರದ ಸ್ಪ್ರಿಂಟೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಸಾಫ್ಟ್‌ವೇರ್ ಕಂಪನಿ ಎಷ್ಟಿವೆ ಎಂದು ಯಾರಾದರೂ ಕೇಳಿದರೆ ನಾನು ಮಾತು ತಿರುಗಿಸಿ ಅಡಿಕೆ ರೇಟು ವಿಚಾರಿಸುತ್ತೇನೆ. ಆದರೆ ಸಾಫ್ಟ್‌ವೇರ್ ಹುಡುಗರಿಗೆ ಮಾತ್ರ ಬರವಿಲ್ಲ, ಬೀದಿಗಿಬ್ಬರು ಸಿಗುತ್ತಾರೆ. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಊರಿಗೆ ಬಂದವರಲ್ಲಿ ಕೆಲವರು ಅಮ್ಮನ ಕೈಯಡುಗೆ ಬಿಟ್ಟು ಇನ್ನೂ ಹೊರಟಿಲ್ಲ. ಬೆಳಿಗ್ಗೆ ಹತ್ತಾಯಿತೆಂದರೆ ಸಿಗ್ನಲ್ಲು ಸಿಗುವ ತಾರಸಿಯ ಮೂಲೆ ಹಿಡಿದು, ಕಿವಿಗೆ ಬಿಳಿ ಕಡ್ಡಿ ಸಿಕ್ಕಿಸಿಕೊಂಡು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡ ಬಂದಿರುವುದೇನು ಎಂದು ಮೂರು ಮಾತು ಒಪ್ಪಿಸುತ್ತಾರೆ. ಇದಕ್ಕೆ ಸ್ಟ್ಯಾಂಡ್‌ಅಪ್ ಎಂದು ಹೆಸರು. ಹದಿನೈದು ನಿಮಿಷದೊಳಗೆ ಮುಗಿಯಬೇಕೆಂಬುದು ಕಟ್ಟಳೆ. ನಿಂತು ಮಾತಾಡಿದರೆ ಕಾಲು ಸೋತು ಬೇಗ ಮುಗಿಸುತ್ತಾರಂತೆ. ಈ ಕಟ್ಟಳೆ ಮಾಡಿದ ಪುಣ್ಯಾತ್ಮರು ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಕಾಲ ಮೇಲೆ ಎರಡು ಗಂಟೆ ರಾಜಕೀಯ ಮಾತಾಡುವ ನಮ್ಮವರನ್ನು ಕಂಡಿಲ್ಲ.

ನನ್ನ ಸೋದರಳಿಯನೂ ಇದೇ ಪಂಗಡದವನು. ಊಟ ಹೊನ್ನಾಳಿಯದು, ಸಂಬಳ ಬೆಂಗಳೂರಿನದು. ಹಬ್ಬಕ್ಕೆ ಬಂದವನು ಹೋಳಿಗೆ ಮುರಿಯುತ್ತಾ, "ಮಾವ, ನಮ್ಮ ಕಂಪನೀಲಿ ಈಗ ಬರೀ ವಾಟರ್‌ಫಾಲೂ ಇಲ್ಲ, ಬರೀ ಅಜೈಲೂ ಇಲ್ಲ. ಎರಡನ್ನೂ ಕೂಡಿಸಿಬಿಟ್ಟಿದಾರೆ" ಎಂದ.

"ಕೂಡಿಸಿ ಏನು ಮಾಡಿದ್ರಪ್ಪಾ?"

"ಪ್ಲಾನು ವಾಟರ್‌ಫಾಲು, ಕೆಲಸ ಅಜೈಲು."

"ಹಂಗಾದ್ರೆ ಬೈಸ್ಕೊಳ್ಳೋದು?"

"ಅದು ಎರಡೂ ಕಡೆಯಿಂದ ಮಾವ."

ಗೊತ್ತಿಲ್ಲದವರಿಗಾಗಿ ಒಂದು ಮಾತು. ವಾಟರ್‌ಫಾಲ್ ಪದ್ಧತಿಯಲ್ಲಿ ಬೇಕಾದದ್ದನ್ನೆಲ್ಲ ಮೊದಲೇ ಬರೆದು, ಸಹಿ ಹಾಕಿಸಿ, ಆಮೇಲೆ ನಕ್ಷೆ, ಆಮೇಲೆ ಕೋಡು, ಆಮೇಲೆ ಪರೀಕ್ಷೆ, ಕಡೆಗೆ ಒಪ್ಪಿಸುವುದು. ಮೆಟ್ಟಿಲು ಇಳಿದದ್ದು ಇಳಿದಂತೆಯೇ, ಹಿಂದಕ್ಕೆ ಹತ್ತುವಂತಿಲ್ಲ. ಅಜೈಲ್‌ನಲ್ಲಿ ಎರಡು ವಾರಕ್ಕೆ ಆಗುವಷ್ಟು ಕೆಲಸ ಎತ್ತಿಕೊಂಡು, ಮಾಡಿ ತೋರಿಸಿ, ಗಿರಾಕಿಯ ಮುಖ ನೋಡಿ, ಮುಂದಿನ ಎರಡು ವಾರಕ್ಕೆ ಹೊರಡುವುದು. ಆ ಎರಡು ವಾರವೇ ಸ್ಪ್ರಿಂಟು. ಮೊದಲನೆಯದರಲ್ಲಿ ತಪ್ಪು ಕಡೆಗೆ ಗೊತ್ತಾಗುತ್ತದೆ. ಎರಡನೆಯದರಲ್ಲಿ ತಪ್ಪು ಬೇಗ ಗೊತ್ತಾಗುತ್ತದೆ, ಯಾವಾಗ ಮುಗಿಯುತ್ತದೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ವಾಟರ್‌ಫಾಲಿನ ಅಪವಾದವನ್ನೆಲ್ಲ ಹೊತ್ತವರು ವಿನ್‌ಸ್ಟನ್ ರಾಯ್ಸ್ ಎಂಬ ಅಮೆರಿಕದ ಎಂಜಿನಿಯರು. 1970ರಲ್ಲಿ ಅವರು ಬರೆದ ಪ್ರಬಂಧದಲ್ಲಿ ಆ ಮೆಟ್ಟಿಲುಮೆಟ್ಟಿಲ ಚಿತ್ರವಿದೆ. ತಮಾಷೆಯೆಂದರೆ ಚಿತ್ರ ಬರೆದು ಅದರ ಬೆನ್ನಿಗೇ ಅವರು ಹೇಳಿದ್ದು, ಹೀಗೇ ಮಾಡಿದರೆ ಅಪಾಯ, ಕೆಲಸ ಕೆಡುತ್ತದೆ ಎಂದು. ಪರಿಹಾರವಾಗಿ ಐದು ತಿದ್ದುಪಡಿಗಳನ್ನೂ ಸೂಚಿಸಿದರು. ಹೊಸ ಕೆಲಸವಾದರೆ ಮೊದಲು ಒಮ್ಮೆ ಸಣ್ಣದಾಗಿ ಮಾಡಿ ನೋಡಿ, ಆಮೇಲೆ ನಿಜವಾದದ್ದನ್ನು ಮಾಡಿ ಎಂಬುದು ಅದರಲ್ಲೊಂದು. ಪ್ರಬಂಧದಲ್ಲಿ ವಾಟರ್‌ಫಾಲ್ ಎಂಬ ಮಾತೇ ಇಲ್ಲ. ಆದರೆ ಪೂರ್ತಿ ಓದುವ ಪುರಸೊತ್ತು ಯಾರಿಗಿದೆ? ಮಂದಿ ಚಿತ್ರ ನೋಡಿದರು, ಚೆನ್ನಾಗಿದೆ ಎಂದರು, ಹಿಡಿದುಕೊಂಡರು. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಹೆಚ್ಚುಕಡಿಮೆ ಅದನ್ನೇ ತನ್ನ ಗುತ್ತಿಗೆದಾರರಿಗೆ ನಿಯಮ ಮಾಡಿಬಿಟ್ಟಿತು. 'ಇಲ್ಲಿ ಹಾಯಬೇಡಿ' ಎಂದು ಬೋರ್ಡು ನೆಟ್ಟವನ ಹೆಸರನ್ನೇ ರಸ್ತೆಗೆ ಇಟ್ಟರು.

ಅಜೈಲಿನವರ ಕಥೆ ಇನ್ನೂ ಸೊಗಸು. 2001ರ ಫೆಬ್ರುವರಿಯಲ್ಲಿ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮಕ್ರೀಡೆಯ ತಾಣದಲ್ಲಿ ಹದಿನೇಳು ಮಂದಿ ಕಲೆತರು. ಜಾರಿದರು, ಉಂಡರು, ಮಾತಾಡಿದರು, ಒಂದು ಪುಟದ ಪ್ರಣಾಳಿಕೆ ಬರೆದು ಎದ್ದರು. ನಾಲ್ಕು ನಂಬಿಕೆ, ಹನ್ನೆರಡು ತತ್ವ. ದಾಖಲೆಯ ಕಟ್ಟಿಗಿಂತ ನಡೆಯುವ ಸಾಫ್ಟ್‌ವೇರ್ ಮುಖ್ಯ, ಪ್ಲಾನಿಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಒಗ್ಗುವುದು ಮುಖ್ಯ, ಹೀಗೆ. ಒಳ್ಳೆಯ ಮಾತುಗಳೇ. ಆಮೇಲೆ ಅದಕ್ಕೆ ತರಬೇತಿ ಬಂತು, ಸರ್ಟಿಫಿಕೇಟು ಬಂತು, ಫೀಸು ಬಂತು. ಆ ಹದಿನೇಳರಲ್ಲಿ ಒಬ್ಬರಾದ ಡೇವ್ ಥಾಮಸ್ 2014ರಲ್ಲಿ ಅಜೈಲ್ ಸತ್ತಿದೆ ಎಂದು ಬರೆದೇಬಿಟ್ಟರು. ಮಠ ಕಟ್ಟಿದವರೇ ಮಠ ಬಿಟ್ಟು ಹೊರಡುವುದು ನಮ್ಮ ಕಡೆಯವರಿಗೇನೂ ಹೊಸದಲ್ಲ.

ಹಾಗಾದರೆ ಕಂಪನಿಗಳಲ್ಲಿ ನಿಜವಾಗಿ ನಡೆಯುತ್ತಿರುವುದೇನು? 2011ರಲ್ಲಿ ಫಾರೆಸ್ಟರ್ ಎಂಬ ಸಂಶೋಧನಾ ಸಂಸ್ಥೆಯ ಡೇವ್ ವೆಸ್ಟ್ ಅದಕ್ಕೆ 'ವಾಟರ್-ಸ್ಕ್ರಮ್-ಫಾಲ್' ಎಂದು ನಾಮಕರಣ ಮಾಡಿದರು; ಸ್ಕ್ರಮ್ ಎಂದರೆ ಅಜೈಲಿನದೇ ಒಂದು ಬಗೆ. ಮುಂದೆ ಬಜೆಟ್ಟು, ಪ್ಲಾನು, ಸಹಿ. ಹಿಂದೆ ಪರೀಕ್ಷೆ, ಒಪ್ಪಿಗೆ, ಬಿಡುಗಡೆ. ನಡುವೆ ಸಿಕ್ಕಿಕೊಂಡ ಹುಡುಗರದ್ದು ಎರಡು ವಾರದ ಓಟ. ನಮ್ಮ ಅಳಿಯ ಹೋಳಿಗೆ ಮುರಿಯುತ್ತಾ ಹೇಳಿದ್ದೂ ಇದನ್ನೇ. ಓಟ ನಡುವಿನವರದು, ಗಡಿಯಾರ ತುದಿಯವರದು.

ಕೆಲಸಕ್ಕೆ ಎಷ್ಟು ದಿನ ಬೇಕೆಂದು ಇವರು ದಿನದ ಲೆಕ್ಕದಲ್ಲಿ ಹೇಳುವುದಿಲ್ಲ, ಪಾಯಿಂಟ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು, ಎರಡು, ಮೂರು, ಐದು, ಎಂಟು, ಹದಿಮೂರು. "ನಾಲ್ಕು ಏನು ಪಾಪ ಮಾಡ್ತೋ?" ಎಂದೆ. ದೊಡ್ಡ ಕೆಲಸದ ಅಂದಾಜು ಅಷ್ಟು ನಿಖರವಾಗಿ ಹೇಳೋಕಾಗಲ್ಲ, ಅದಕ್ಕೇ ನಡುವೆ ಅಂತರ ಬಿಟ್ಟಿದಾರೆ ಎಂದು ವಿವರಿಸಿದ. ಹದಿಮೂರು ಪಾಯಿಂಟಿಗೆ ಎಷ್ಟು ದಿನ ಎಂದು ಕೇಳಿದರೆ, ಹಾಗೆ ಕೇಳಬಾರದಂತೆ. ಆದರೆ ಅವನ ಮ್ಯಾನೇಜರು ಹಾಗೇ ಕೇಳುತ್ತಾನಂತೆ, ಇವನು ಹಾಗೇ ಹೇಳುತ್ತಾನಂತೆ, ಇಬ್ಬರೂ ಹಾಗೆ ಹೇಳಿಲ್ಲ ಎಂಬಂತೆ ಮೀಟಿಂಗು ಮುಗಿಸುತ್ತಾರಂತೆ.

ಇದೆಲ್ಲ ಬೆಂಗಳೂರಿನ ಗಾಜಿನ ಕಟ್ಟಡಗಳ ಗೊಡವೆ, ನಮಗೇನು ಎನ್ನಬೇಡಿ. ಜಗಳೂರಿನ ರೈತನಷ್ಟು ಸಾಫ್ಟ್‌ವೇರಿನ ಬಿಸಿ ಉಂಡವರು ಬೆಂಗಳೂರಿನಲ್ಲೂ ಸಿಗಲಿಕ್ಕಿಲ್ಲ. ಪಹಣಿಗೆ ಭೂಮಿ, ಬೆಳೆಗೆ ಆಪು, ಸಬ್ಸಿಡಿಗೆ ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ, ಜಾತಿ ಆದಾಯಕ್ಕೆ ನಾಡಕಚೇರಿಯ ಸರ್ವರು, ಉಳಿದದ್ದಕ್ಕೆ ಹಳ್ಳಿಯ ಸೇವಾ ಕೇಂದ್ರ ಗ್ರಾಮ ಒನ್. ಇಷ್ಟು ತಂತ್ರಾಂಶಗಳ ಜತೆ ಸಂಸಾರ ಮಾಡುವವನಿಗೆ ಅವುಗಳನ್ನು ಹೇಗೆ ಕಟ್ಟುತ್ತಾರೆ ಎಂದು ವಿಚಾರಿಸುವ ಹಕ್ಕಿದೆ.

ಸರ್ಕಾರದ ಸಾಫ್ಟ್‌ವೇರ್ ಹುಟ್ಟುವುದೇ ವಾಟರ್‌ಫಾಲಾಗಿ, ಬೇರೆ ದಾರಿಯಿಲ್ಲ. ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆಗೆಂದೇ 1999ರ ಕಾಯ್ದೆಯೊಂದಿದೆ. ಟೆಂಡರು ಕರೆಯಬೇಕು, ಟೆಂಡರಿನಲ್ಲಿ ಏನು ಬೇಕೆಂದು ಬರೆಯಬೇಕು, ಬರೆದದ್ದಕ್ಕೆ ಬೆಲೆ ಕಟ್ಟಬೇಕು. "ಎರಡು ವಾರ ಮಾಡಿ ನೋಡೋಣ, ಆಮೇಲೆ ಹೇಳ್ತೀವಿ" ಎಂದು ಟೆಂಡರು ಕರೆದ ಅಧಿಕಾರಿಯನ್ನು ಮಾರನೆಯ ವರ್ಷ ಆಡಿಟ್‌ನವರು ಸುಮ್ಮನೆ ಬಿಡುತ್ತಾರೆಯೆ? ಹಾಗಾಗಿ ಎಷ್ಟು ಸ್ಕ್ರೀನು, ಎಷ್ಟು ರಿಪೋರ್ಟು, ಬಟನ್ನು ಎಡಕ್ಕೋ ಬಲಕ್ಕೋ ಎಲ್ಲವನ್ನೂ ಎರಡು ವರ್ಷ ಮೊದಲೇ ಬರೆದಿಡುತ್ತಾರೆ. ಎರಡು ವರ್ಷದಲ್ಲಿ ಸರ್ಕಾರ ಬದಲಾಗುತ್ತದೆ, ಯೋಜನೆ ಬದಲಾಗುತ್ತದೆ, ಬರೆದ ಅಧಿಕಾರಿಗೆ ವರ್ಗ ಆಗುತ್ತದೆ. ಬಟನ್ನು ಮಾತ್ರ ಎಡಕ್ಕೇ ಇರುತ್ತದೆ.

ಬದಲಾಗುವುದು ಎಂದರೆ ಎಷ್ಟರಮಟ್ಟಿಗೆ ಎನ್ನುವುದಕ್ಕೆ ನಮ್ಮ ಜಿಲ್ಲೆಯನ್ನೇ ನೋಡಿ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಹುಟ್ಟಿತು. ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ ಬಂದು ಸೇರಿದವು. 2018ರಲ್ಲಿ ಹರಪನಹಳ್ಳಿ ವಾಪಸ್ ಬಳ್ಳಾರಿಗೆ ಹೋಯಿತು, ಅಲ್ಲಿಂದ 2021ರಲ್ಲಿ ವಿಜಯನಗರ ಜಿಲ್ಲೆಗೆ. ಅದೇ 2018ರಲ್ಲಿ ಹೊನ್ನಾಳಿಯನ್ನು ಒಡೆದು ನ್ಯಾಮತಿ ತಾಲ್ಲೂಕು ಮಾಡಿದರು. ತಾಲ್ಲೂಕಿನ ಪಟ್ಟಿಯನ್ನು ಪ್ರೋಗ್ರಾಮಿನೊಳಗೆ ಗಟ್ಟಿಯಾಗಿ ಬರೆದಿಟ್ಟು, ಇನ್ನು ಬದಲಾಗುವುದಿಲ್ಲ ಎಂದು ಸಹಿ ಹಾಕಿಸಿಕೊಂಡ ಪ್ರೋಗ್ರಾಮರನ ಪಾಡು ನೆನೆಸಿಕೊಳ್ಳಿ. ನ್ಯಾಮತಿಯವರಿಗೆ ಬೋರ್ಡು ಬಂತು, ತಹಶೀಲ್ದಾರರೂ ಬಂದರು. ಅರ್ಜಿ ತುಂಬಿಸಲು ಕೂತರೆ ಕೆಲವು ತಂತ್ರಾಂಶಗಳಲ್ಲಿ ಇನ್ನೂ ಹೊನ್ನಾಳಿಯನ್ನೇ ಒತ್ತಬೇಕಿತ್ತು.

ಎರಡು ಪದ್ಧತಿಯನ್ನೂ ಹದವಾಗಿ ಕೂಡಿಸಿದವರು ನಮ್ಮಲ್ಲಿ ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಸ್ನೋಬರ್ಡಿನವರು ಪ್ರಣಾಳಿಕೆ ಬರೆಯುವ ಹೊತ್ತಿಗೆ ಕರ್ನಾಟಕದ ಕಂದಾಯ ಇಲಾಖೆ ಅದನ್ನು ಸದ್ದಿಲ್ಲದೆ ಮಾಡುತ್ತಿತ್ತು. ಭೂಮಿ ಯೋಜನೆಯ ಮಾತು. ಅದಕ್ಕೂ ಮೊದಲು, 1991ರಲ್ಲಿ, ಗುಲ್ಬರ್ಗದಲ್ಲಿ ಕೇಂದ್ರದ ಹಣದಿಂದ ಪಹಣಿಯನ್ನು ಕಂಪ್ಯೂಟರಿಗೆ ಏರಿಸಲು ಹೊರಟಿದ್ದರು. ಆದರೆ ಕಂಪ್ಯೂಟರು ಇದ್ದದ್ದು ಜಿಲ್ಲೆಯಲ್ಲಿ, ಪುಸ್ತಕ ಇದ್ದದ್ದು ತಾಲ್ಲೂಕಿನಲ್ಲಿ. ಇಲ್ಲಿ ಖಾತೆ ಬದಲಾದರೆ ಅಲ್ಲಿ ಗೊತ್ತಾಗುತ್ತಿರಲಿಲ್ಲ. ಏರಿಸಿದ್ದೆಲ್ಲ ಏರಿಸುವಷ್ಟರಲ್ಲೇ ಹಳತಾಯಿತು.

ಭೂಮಿಯವರು ಮದ್ದೂರು ತಾಲ್ಲೂಕಿನಲ್ಲಿ ಮೊದಲು ಮಾಡಿ ನೋಡಿದರು, ಎಡವಿದ್ದನ್ನು ತಿದ್ದಿದರು, ಆಮೇಲೆ ಒಂದೊಂದೇ ತಾಲ್ಲೂಕಿಗೆ ಹೋದರು. ಒಂದು ತಾಲ್ಲೂಕಿನ ದಾಖಲೆ ಪೂರ್ತಿ ಏರಿ ತಾಳೆಯಾದ ಮೇಲೆ ಮಾತ್ರ ಅಲ್ಲಿ ಕೈಬರಹದ ಪಹಣಿ ಚಲಾವಣೆ ಬಂದ್. ಹೀಗೆ 2002ರ ಹೊತ್ತಿಗೆ, ಆಗ ಇದ್ದ ಎಲ್ಲಾ 177 ತಾಲ್ಲೂಕುಗಳಲ್ಲಿ ಸುಮಾರು 2 ಕೋಟಿ ಪಹಣಿ ಒಳಗೆ ಹೋದವು. 15 ರೂಪಾಯಿಗೆ ಕಂಪ್ಯೂಟರ್ ಪಹಣಿ ಕೈಗೆ ಬಂತು. ಹೊರನೋಟಕ್ಕೆ ಇದು ಅಜೈಲೇ. ಒಳಗೆ ನೋಡಿದರೆ ಕೆಲವು ವಿಷಯಗಳಲ್ಲಿ ಕಬ್ಬಿಣದ ಹಿಡಿತ. ಬೆರಳಚ್ಚು ಕೊಡದೆ ಸಿಬ್ಬಂದಿ ಒಳಗೆ ಕಾಲಿಡುವಂತಿಲ್ಲ. ಖಾತೆ ಬದಲಾವಣೆಯ ಅರ್ಜಿ ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕು, ಹಿಂದಿನದನ್ನು ಮುಂದೆ ತಳ್ಳುವಂತಿಲ್ಲ. ಚಹಾ ಕುಡಿಸಿದವರ ಅರ್ಜಿಗೆ ಕಾಲು ಬರುವ ಕಾಲ ಅಷ್ಟರಮಟ್ಟಿಗೆ ಕುಂಟಿತು. ಈ ಎರಡು ನಿಯಮಗಳನ್ನು ಸ್ಪ್ರಿಂಟಿಗೊಮ್ಮೆ ಚರ್ಚೆಗೆ ಹಾಕಿದ್ದರೆ ಎರಡನೆಯ ಸ್ಪ್ರಿಂಟಿಗೇ ಮಾಯವಾಗುತ್ತಿದ್ದವು.

ಗ್ರಾಮ ಒನ್‌ಗೆ ಬನ್ನಿ. 2020ರ ಕೊನೆಯಲ್ಲಿ ಅದನ್ನು ಪ್ರಯೋಗಕ್ಕೆಂದು ಇಳಿಸಿದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲೇ. ನಮ್ಮ ಹಳ್ಳಿಗಳಲ್ಲಿ ಪಳಗಿದ ಮೇಲೆ 2022ರ ಜನವರಿ 26ರಂದು 12 ಜಿಲ್ಲೆಗಳಿಗೆ ಹೋಯಿತು. ನಾವು ಪ್ರಯೋಗಪಶುಗಳಾದೆವು ಎಂದು ಕೊರಗುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೂವತ್ತು ಜಿಲ್ಲೆ ಒಟ್ಟಿಗೆ ಒದ್ದಾಡುವುದಕ್ಕಿಂತ ಒಂದು ಜಿಲ್ಲೆ ಮೊದಲು ಒದ್ದಾಡುವುದು ಲೇಸು. ಒದ್ದಾಡಿದ್ದಕ್ಕೆ ಒಂದು ಸನ್ಮಾನ ಮಾಡಿದ್ದರೆ ಬೇಡ ಅನ್ನುತ್ತಿರಲಿಲ್ಲ, ಅಷ್ಟೇ.

ಮನೆಯ ಯಜಮಾನಿಗೆ ತಿಂಗಳ ಹಣ ಕೊಡುವ ಗೃಹಲಕ್ಷ್ಮಿ ಯೋಜನೆಯದು ಇನ್ನೊಂದು ಬಗೆ. 2023ರ ಜುಲೈನಲ್ಲಿ ನೋಂದಣಿ ಶುರುವಾದಾಗ ಇದ್ದ ಏರ್ಪಾಡು ಕಾಗದದ ಮೇಲೆ ಬಹಳ ಚೆಂದ. ಒಬ್ಬೊಬ್ಬ ಯಜಮಾನಿಗೂ ಮೆಸೇಜು ಬರುತ್ತದೆ, ಇಂಥ ದಿನ, ಇಂಥ ಹೊತ್ತು, ಇಂಥ ಕೇಂದ್ರ. ನಮ್ಮ ಹೆಂಗಸರಿಗೆ ಮೆಸೇಜು ಬರುವವರೆಗೆ ತಾಳ್ಮೆಯೆಲ್ಲಿ? ಎಷ್ಟೋ ಮನೆಗಳಲ್ಲಿ ಫೋನು ಇರುವುದೇ ಮಗನ ಜೇಬಿನಲ್ಲಿ. ಕೇಂದ್ರದ ಮುಂದೆ ಮೊದಲ ದಿನವೇ ಸಾಲು. ಕೆಲವೇ ದಿನಗಳಲ್ಲಿ ಮೆಸೇಜಿಗೆ ಕಾಯಬೇಕಿಲ್ಲ, ನೇರವಾಗಿ ಬನ್ನಿ ಎಂದರು. ಯಾವ ಸ್ಕ್ರಮ್ ಮಾಸ್ಟರೂ ಬೇಕಾಗಲಿಲ್ಲ, ಸಾಲಿನಲ್ಲಿ ನಿಂತ ಅಕ್ಕಂದಿರೇ ರಿವ್ಯೂ ಮೀಟಿಂಗು ನಡೆಸಿ ತೀರ್ಮಾನ ಕೈಗೆ ಕೊಟ್ಟರು.

ಅಳಿಯನಿಗೆ ಇಷ್ಟನ್ನೂ ಹೇಳಿ, ಎರಡನ್ನೂ ಕೂಡಿಸುವುದರಲ್ಲಿ ನಿಮ್ಮ ಕಂಪನಿಯವರು ಎಡವುವುದು ಎಲ್ಲಿ ಗೊತ್ತೇನೋ ಎಂದೆ. ಅವನಿಗೆ ಅರ್ಥವಾಗುವ ಭಾಷೆಯೆಂದರೆ ನೀರಿನದು, ಹೊನ್ನಾಳಿಯವನಲ್ಲವೆ.

ಭದ್ರಾ ಡ್ಯಾಮು ನೋಡು. ಲಕ್ಕವಳ್ಳಿಯಲ್ಲಿ ಕಟ್ಟಿದ್ದಾರೆ, 186 ಅಡಿ ತುಂಬಿದರೆ 71.5 ಟಿಎಂಸಿ. ಅದರ ಎತ್ತರ, ನಾಲೆಯ ಇಳಿಜಾರು, ತೂಬಿನ ಮಟ್ಟ, ಇವೆಲ್ಲ ಒಮ್ಮೆ ತೀರ್ಮಾನವಾದರೆ ಆಯಿತು. "ಈ ಸ್ಪ್ರಿಂಟಿನಲ್ಲಿ ತೂಬು ಅರ್ಧ ಅಡಿ ಮೇಲೆತ್ತೋಣ" ಎನ್ನುವಂತಿಲ್ಲ. ಚನ್ನಗಿರಿಯ ಸೂಳೆಕೆರೆಯನ್ನೇ ತಗೋ. ಎರಡು ಗುಡ್ಡದ ನಡುವೆ ಏರಿ ಕಟ್ಟಿ, ಸಿದ್ಧನ ತೂಬು ಬಸವನ ತೂಬು ಎಂದು ಎರಡು ಬಿಟ್ಟವರು ಜಾಗ ಸರಿಯಾಗಿ ಆರಿಸಿದ್ದರಿಂದ ನೂರಾರು ವರ್ಷವಾದರೂ ನೀರು ನಿಂತಿದೆ. ಇದು ವಾಟರ್‌ಫಾಲಿನ ಪಾಲು. ಆದರೆ ನೀರು ಯಾವಾಗ ಬಿಡಬೇಕು, ಎಷ್ಟು ದಿನ, ನಿಲ್ಲಿಸಿ ಬಿಡಬೇಕೋ ಬಿಡುತ್ತಲೇ ಇರಬೇಕೋ, ಅದನ್ನು ಹಂಗಾಮಿಗೊಮ್ಮೆ ನೀರಾವರಿ ಸಲಹಾ ಸಮಿತಿ ಸೇರಿ ಹೇಳಬೇಕು. 2023ರ ಮುಂಗಾರಿನಲ್ಲಿ ನೂರು ದಿನ ಸತತ ನೀರು ಎಂದು ಮೊದಲು ಹೇಳಿ, ಮಳೆ ಕೈಕೊಟ್ಟ ಮೇಲೆ ಆನ್-ಆಫ್ ಎಂದಾಗ ರೈತರು ರಸ್ತೆಗಿಳಿದರು. ಬದಲಾಯಿಸಿದ್ದೊಂದೇ ತಪ್ಪಲ್ಲ ಮಗನೆ. ಆಕಾಶ ನೋಡದೆ ನೂರು ದಿನದ ಸಹಿ ಹಾಕಿದ್ದೂ ಒಂದು ತಪ್ಪು, ನಾಟಿ ಆದ ಮೇಲೆ ಹೇಳಿದ್ದು ಇನ್ನೊಂದು.

"ಅಂದ್ರೆ ಮಾವ, ಡೇಟಾಬೇಸು ಡ್ಯಾಮು, ಸ್ಕ್ರೀನು ನೀರು ಬಿಡೋ ಸರದಿ ಅಂತೀರ."

ಅಂತೀನಿ. ಯಾರ ಹೆಸರಿಗೆ ಜಮೀನು, ಯಾರ ಖಾತೆಗೆ ಹಣ, ತಿದ್ದುವ ಅಧಿಕಾರ ಯಾರಿಗೆ, ತಪ್ಪಿ ಹೋದ ಹಣ ಹಿಂದೆ ಬರುವುದು ಹೇಗೆ, ಇವು ತೂಬಿನ ಮಟ್ಟ. ಇವನ್ನು ಕೂತು, ಗುದ್ದಾಡಿ, ಬರೆದು, ಸಹಿ ಹಾಕಿಯೇ ಮುಂದೆ ಹೋಗಬೇಕು. ಅರ್ಜಿಯಲ್ಲಿ ಏನು ಮೊದಲು ಕೇಳಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು, ಫೋಟೊ ಎಷ್ಟು ಕೆಬಿ, ಇವು ಸರದಿ. ಇವನ್ನು ಮಾಡಿ ನೋಡಿ ತಿದ್ದಬೇಕು. ನಮ್ಮಲ್ಲಿ ಆಗುವುದು ಉಲ್ಟಾ. ಫೋಟೊ ಎಷ್ಟು ಕೆಬಿ ಎಂದು ಟೆಂಡರಿನಲ್ಲಿ ಕಲ್ಲಿನ ಮೇಲೆ ಕೊರೆದಿರುತ್ತಾರೆ. ಪಹಣಿಯಲ್ಲಿ 'ಬಸಮ್ಮ ಕೋಂ ಲೇಟ್ ಹನುಮಂತಪ್ಪ', ಆಧಾರಿನಲ್ಲಿ ಇಂಗ್ಲಿಷಿನ ಬಸವ್ವ, ಬ್ಯಾಂಕಿನಲ್ಲಿ ಬಸಮ್ಮ ಎಚ್. ಈ ಮೂವರೂ ಒಬ್ಬಳೇ ಎಂದು ತೀರ್ಮಾನಿಸುವವರು ಯಾರು ಎಂಬುದನ್ನು ಮಾತ್ರ 'ಆಮೇಲೆ ನೋಡೋಣ' ಎಂದು ಬಿಟ್ಟಿರುತ್ತಾರೆ. ಆಮೇಲೆ ನೋಡುವವಳು ಬಸಮ್ಮ. ತಾಲ್ಲೂಕು ಆಫೀಸಿಗೆ ನಾಲ್ಕು ಸಲ ಬಂದು ನೋಡುತ್ತಾಳೆ. ನಾಲೆಯ ಕೊನೆ ಭಾಗದವರಿಗೆ ನೀರು ಯಾಕೆ ತಲುಪುವುದಿಲ್ಲ ಎಂದು ವರ್ಷವರ್ಷವೂ ಕೇಳುತ್ತೇವಲ್ಲ, ಅದೇ ಪ್ರಶ್ನೆ.

ಜಗಳೂರಿನ ಕಡೆ ಈಗ ಆಗಿರುವುದು ನನಗೆ ಹಿಡಿಸಿತು. ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ, ಗುಡ್ಡದ ಮೇಲೆ ಏರಿಸಿ, ಅಲ್ಲಿಂದ ತಾನಾಗಿ ಇಳಿಸಿ 57 ಕೆರೆ ತುಂಬಿಸುವ ಯೋಜನೆ. ಎಲ್ಲಾ 57 ಕೆರೆಯೂ ಸಿದ್ಧವಾಗಲಿ, ಆಮೇಲೆ ಒಟ್ಟಿಗೆ ಉದ್ಘಾಟನೆ ಎಂದು ಕಾಯಲಿಲ್ಲ. ಪೈಪು ತಲುಪಿದ ಕೆರೆಗೆ ಮೊದಲು ನೀರು ಬಂತು, ಉಳಿದವರು ತಮ್ಮದು ಯಾವಾಗ ಎಂದು ಕೂಗಾಡಿದರು. ಕೂಗಾಡಲಿ. ಒಂದು ಕೆರೆ ತುಂಬಿದ್ದನ್ನು ಕಂಡವರ ಕೂಗಾಟಕ್ಕೆ ಬೆಲೆ ಇರುತ್ತದೆ. ಪೈಪಿನ ಗಾತ್ರವನ್ನು ಮಾತ್ರ ಐವತ್ತೇಳಕ್ಕೂ ಸಾಕಾಗುವಂತೆ ಮೊದಲೇ ಲೆಕ್ಕ ಹಾಕಿರಲೇಬೇಕು. ಮೂರು ಕೆರೆಗಾಗುವ ಪೈಪು ಹಾಕಿ ಮುಂದಿನದು ಮುಂದಿನ ಸ್ಪ್ರಿಂಟಿಗೆ ಎಂದರೆ ಅದು ಅಜೈಲ್ ಅಲ್ಲ, ಬೇಜವಾಬ್ದಾರಿ.

ಅಳಿಯ ಸುಮ್ಮನಿರಲಿಲ್ಲ. "ನೀವು ಹೇಳಿದಂಗೇ ಅಜೈಲ್ ಮಾಡಿದವರೂ ಅದಾರೆ ಮಾವ. ಬೆಳೆ ಸಮೀಕ್ಷೆ ಆಪು ನೋಡಿ, ಹಂಗಾಮಿಗೊಂದು ಹೊಸದು" ಎಂದ. ಹೌದು ಮಾರಾಯ. 2020ರಿಂದ ರೈತನೇ ಹೊಲಕ್ಕೆ ಹೋಗಿ, ತನ್ನ ಸರ್ವೆ ನಂಬರಿನೊಳಗೆ ನಿಂತು, ಬೆಳೆಯ ಫೋಟೊ ಹೊಡೆದು ಕಳಿಸಬಹುದು. ಮುಂಗಾರಿಗೊಂದು ಆಪು, ಹಿಂಗಾರಿಗೊಂದು, ಬೇಸಿಗೆಗೊಂದು. ಮೆಕ್ಕೆಜೋಳಕ್ಕೆ ಇದು ಸರಿ, ಪ್ರತಿ ಸಲ ಹೊಸ ಬೆಳೆ. ಚನ್ನಗಿರಿಯ ಅಡಿಕೆ ತೋಟದವನ ಗತಿ ನೋಡಿ. ಅವನಜ್ಜ ನೆಟ್ಟ ಮರ, ಅವನಪ್ಪ ಕೊಯ್ದ ಮರ. ಇವನು ಹಂಗಾಮು ಹಂಗಾಮಿಗೂ ಅದರ ಮುಂದೆ ನಿಂತು, ಅದು ಇನ್ನೂ ಅಡಿಕೆಯೇ, ರಾತ್ರೋರಾತ್ರಿ ಭತ್ತ ಆಗಿಲ್ಲ ಎಂದು ಸಾಕ್ಷಿ ಹೇಳಬೇಕು. ಬದಲಾಗದ್ದನ್ನೂ ಬದಲಾದಂತೆ ಅಳೆಯುವುದು ಅಜೈಲಿನವರ ಹಳೆಯ ಚಾಳಿ.

ಟೆಂಡರು ಬರೆಯುವ ಸಾಹೇಬರಿಗೆ ನನ್ನದೊಂದು ಅರಿಕೆ. ಮುಂದಿನ ತಂತ್ರಾಂಶದ ಕಾಗದ ಬರೆಯುವ ಮೊದಲು ಜಗಳೂರಿನ ಯಾವುದಾದರೂ ಗ್ರಾಮ ಒನ್‌ನಲ್ಲಿ ಒಂದು ಸೋಮವಾರ ಸುಮ್ಮನೆ ಕೂತು ಬನ್ನಿ. ಯಾವುದನ್ನು ಗಟ್ಟಿ ಮಾಡಬೇಕು, ಯಾವುದನ್ನು ಸಡಿಲ ಬಿಡಬೇಕು ಎಂದು ಮಧ್ಯಾಹ್ನದ ಊಟದೊಳಗೆ ಅಲ್ಲಿನ ಸಾಲೇ ಹೇಳಿಬಿಡುತ್ತದೆ. ಓದುಗರಿಗೆ ಹೇಳುವುದು ಇನ್ನೂ ಸಣ್ಣದು: ಮುಂದಿನ ಹಂಗಾಮಿನ ಆಪು ಬರುವ ಮೊದಲು ಫೋನಿನಿಂದ ಹಳೆಯದನ್ನು ತೆಗೆದು ಜಾಗ ಮಾಡಿಟ್ಟುಕೊಳ್ಳಿ. ಎಫ್‌ಐಡಿ ನಂಬರನ್ನು ಮಾತ್ರ ಗೋಡೆಯ ಮೇಲೆ ಬರೆದಿಡಿ, ಅದು ಬದಲಾಗುವುದಿಲ್ಲ.